ಸಂಕಲ್ಪವಿಲ್ಲದ ಹಿಂಸೆ

ಚರಕಸಂಹಿತೆಯ ಸೂತ್ರಸ್ಥಾನದ 30ನೆಯ ಅಧ್ಯಾಯದಲ್ಲಿ ಒಂದು ಸಣ್ಣ ಪಟ್ಟಿ ಬರುತ್ತದೆ. ಬಲವನ್ನು ಹೆಚ್ಚಿಸುವವುಗಳಲ್ಲಿ ಯಾವುದು ಮೇಲು, ದೇಹವನ್ನು ಪುಷ್ಟಿಗೊಳಿಸುವವುಗಳಲ್ಲಿ ಯಾವುದು ಮೇಲು, ಮನಸ್ಸಿಗೆ ಹರ್ಷವನ್ನೀಯುವವುಗಳಲ್ಲಿ ಯಾವುದು ಮೇಲು ಎಂದು ಆಚಾರ್ಯರು ಹೇಳುತ್ತ ಹೋಗುತ್ತಾರೆ. ಪಟ್ಟಿಯ ಮೊದಲಿಗೇ ಇರುವುದು ಪ್ರಾಣವನ್ನು ವರ್ಧಿಸುವ ವಸ್ತು ಯಾವುದೆಂಬ ವಿಚಾರ. ಅಲ್ಲಿ ಅವರು ಹಾಲನ್ನಾಗಲಿ, ತುಪ್ಪವನ್ನಾಗಲಿ, ನೆಲ್ಲಿಕಾಯಿಯನ್ನಾಗಲಿ ಹೆಸರಿಸಿಲ್ಲ. ಜೀವಿಗಳ ಪ್ರಾಣವನ್ನು ವರ್ಧಿಸುವವುಗಳಲ್ಲಿ ಅಹಿಂಸೆಗೇ ಅಗ್ರಸ್ಥಾನವನ್ನು ಕೊಟ್ಟಿದ್ದಾರೆ. ವಿದ್ಯಾರ್ಥಿದೆಸೆಯಲ್ಲಿ ನಾವೆಲ್ಲ ಇದನ್ನು ಪರೀಕ್ಷೆಗೆಂದು ಕಂಠಪಾಠ ಮಾಡಿದವರೇ. ಧರ್ಮಶಾಸ್ತ್ರದ ಮಾತೊಂದು ಹೇಗೋ ವೈದ್ಯಗ್ರಂಥದೊಳಗೆ ಸೇರಿಕೊಂಡಿದೆ ಎಂದು ಅನೇಕ ಸಹಪಾಠಿಗಳು ಭಾವಿಸಿದ್ದರು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ರೋಗಿಗಳ ನಾಡಿಯನ್ನು ಇಷ್ಟು ವರ್ಷ ಹಿಡಿದ ಮೇಲೆ, ಇದು ಅಪ್ಪಟ ವೈದ್ಯಶಾಸ್ತ್ರದ ಮಾತೇ ಹೌದೆಂದು ನನಗೆ ಮನವರಿಕೆಯಾಗಿದೆ. ಆ ಕುರಿತು ಸದ್ಭಕ್ತರೊಡನೆ ಕೆಲವು ವಿಚಾರಗಳನ್ನು ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಚಿಕಿತ್ಸಾಲಯಕ್ಕೆ ಬಂದವರ ಆಹಾರಕ್ರಮವನ್ನು ವಿಚಾರಿಸಿದಾಗ, "ನಾವು ಲಿಂಗವಂತ್ರು ರೀ ಡಾಕ್ಟರ, ಅಂಥಾದ್ದೇನೂ ಮುಟ್ಟಂಗಿಲ್ಲ" ಎಂಬ ಉತ್ತರ ಕೂಡಲೇ ಬರುತ್ತದೆ. ಸಂತೋಷದ ಸಂಗತಿಯೇ. ಆದರೆ ಅಹಿಂಸೆಯ ವಿಚಾರವೂ ಆ ಉತ್ತರದಲ್ಲಿಯೇ ಮುಗಿದುಹೋಗುತ್ತದೆ. ತಾಯಿ ಮಾಡಿ ಬಡಿಸಿದ್ದನ್ನು ಉಂಡು ಬೆಳೆದವನಿಗೆ ಶಾಕಾಹಾರ ದೊರೆತದ್ದು ಹುಟ್ಟಿನಿಂದ. ಅದಕ್ಕಾಗಿ ಆತ ಏನನ್ನೂ ಬಿಟ್ಟುಕೊಟ್ಟಿಲ್ಲ. ಬಿಟ್ಟುಕೊಡದೆ ಬಂದದ್ದನ್ನು ವ್ರತವೆಂದು ಎಣಿಸಿಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ನಮ್ಮ ಸೀಮೆಯಲ್ಲಿ ಬಾಳಿದ ಹಿರಿಯರು ಬಹಳ ಹಿಂದೆಯೇ ಕೇಳಿಕೊಂಡಿದ್ದರು.

ನಮ್ಮ ಸೀಮೆಯೆಂದು ಹೇಳುವುದಕ್ಕೆ ಕಾರಣವಿದೆ. ಗದಗಿನ ಸಮೀಪದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ಇಂದಿಗೂ ನಿಂತಿದೆ. ಪುಲಿಗೆರೆಯೆಂದು ಹಿಂದೆ ಹೆಸರಾಗಿದ್ದ ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ದೇವಾಲಯವೂ ಇದೆ, ಶಂಖ ಬಸದಿಯೂ ಇದೆ. ಮುಂಡರಗಿ ತಾಲ್ಲೂಕಿನ ಡಂಬಳಕ್ಕೆ ಹೋದವರು ದೊಡ್ಡಬಸಪ್ಪನ ಗುಡಿಯನ್ನು ನೋಡಿ ಬರುತ್ತಾರೆ; ಅದೇ ಡಂಬಳದಲ್ಲಿ ಬೌದ್ಧ ವಿಹಾರವೂ ತಾರಾದೇವಿಯ ಆರಾಧನೆಯೂ ಇದ್ದುವೆಂಬುದನ್ನು 11ನೆಯ ಶತಮಾನದ ಕೊನೆಯ ಭಾಗದ ಶಾಸನ ತಿಳಿಸುತ್ತದೆ. ಜೈನ, ಬೌದ್ಧ, ಶೈವ ಮತಗಳು, ಬಳಿಕ ಶರಣಧರ್ಮ ಇವೆಲ್ಲ ಒಂದು ದಿನದ ಎತ್ತಿನ ಬಂಡಿಯ ಹಾದಿಯೊಳಗೆ ಬಾಳಿದ ನಾಡು ಇದು. ಅಹಿಂಸೆಯೆಂಬ ಶಬ್ದ ನಮಗೆ ಹೊರಗಿನಿಂದ ಬಂದದ್ದೇನೂ ಅಲ್ಲ.

ಈ ಮತಗಳೆಲ್ಲ ಅಹಿಂಸೆಯ ವಿಚಾರದಲ್ಲಿ ಮೊದಲು ಹಿಡಿದದ್ದು ಮನುಷ್ಯನ ಸಂಕಲ್ಪವನ್ನು. ಬೌದ್ಧರು ಕರ್ಮವನ್ನು ತೂಗುವುದು ಚೇತನೆಯಿಂದ, ಎಂದರೆ ಉದ್ದೇಶದಿಂದ. ಜೈನ ಕವಿಗಳು ಇದನ್ನು ಇನ್ನೂ ಆಳಕ್ಕೆ ಒಯ್ದರು. ಜನ್ನ ಕವಿ 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆ ನಮ್ಮ ಓದುಗರಲ್ಲಿ ಹಲವರಿಗೆ ಗೊತ್ತಿರುತ್ತದೆ. ಕೆಟ್ಟ ಕನಸಿನ ದೋಷ ಕಳೆಯಲು ಬಲಿ ಕೊಡಬೇಕೆಂದು ತಾಯಿ ಹಟ ಹಿಡಿದಾಗ, ಜೀವವಧೆಗೆ ಒಪ್ಪದ ಯಶೋಧರ ಹಿಟ್ಟಿನ ಕೋಳಿಯೊಂದನ್ನು ಬಲಿ ಕೊಡುತ್ತಾನೆ. ಹಿಟ್ಟಿನಲ್ಲಿ ಪ್ರಾಣವೆಲ್ಲಿದೆ? ಆದರೂ ಕೊಲ್ಲುವ ಭಾವದಿಂದ ಕತ್ತಿ ಎತ್ತಿದ ಮಾತ್ರಕ್ಕೆ ತಾಯಿ-ಮಗ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳನ್ನು ಎತ್ತಿ ನೋಯಬೇಕಾಗುತ್ತದೆ. ಒಂದು ಹನಿ ರಕ್ತವೂ ಬೀಳದ ಹಿಂಸೆ ಅದು. ಬಲಿಗೆಂದು ತಂದ ಹೋತದ ಪರವಾಗಿ ನಿಂತು ವಚನ ನುಡಿದ ಬಸವಣ್ಣನವರು ದಯೆಯನ್ನು ಧರ್ಮದ ಬೇರೆಂದು ಕಂಡರು. ಬೇರು ಇರುವುದು ಮನಸ್ಸಿನಲ್ಲಿ.

ಸಂಕಲ್ಪವನ್ನು ಮುಖ್ಯವಾಗಿಸಿದ್ದರಿಂದ ವೈದ್ಯನಿಗೆ ಬಹಳ ಉಪಕಾರವಾಯಿತೆನ್ನಬೇಕು. ಕುರುವನ್ನು ಸೀಳುವ ಶಸ್ತ್ರವೈದ್ಯ ನೋವನ್ನು ಕೊಡುತ್ತಾನೆ, ಆದರೆ ಹಿಂಸಕನೆನಿಸುವುದಿಲ್ಲ. ಸಾಬರಮತಿ ಆಶ್ರಮದಲ್ಲಿ ಗುಣವಾಗದ ಯಾತನೆಯಿಂದ ಹೊರಳಾಡುತ್ತಿದ್ದ ಕರುವೊಂದಕ್ಕೆ 1928ರಲ್ಲಿ ಚುಚ್ಚುಮದ್ದಿನಿಂದ ಮರಣ ಕೊಡಿಸಿದ ಗಾಂಧೀಜಿಯವರು, ದೇಶದ ಮೂಲೆಮೂಲೆಗಳಿಂದ ಬಂದ ಸಿಟ್ಟಿನ ಪತ್ರಗಳಿಗೆ ಉತ್ತರ ಕೊಡುವಾಗ ಆಧಾರವಾಗಿ ಹಿಡಿದದ್ದೂ ಈ ಉದ್ದೇಶದ ವಿಚಾರವನ್ನೇ.

ಹೀಗಿದ್ದರೂ ಸಂಕಲ್ಪವೊಂದನ್ನೇ ನೋಡಿದರೆ ಸಾಲದೆಂದು ಎಚ್ಚರಿಸಿದವರೂ ಜೈನಾಚಾರ್ಯರೇ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿಗಳು ಹಿಂಸೆಯನ್ನು ನಿರೂಪಿಸುವಾಗ ಪ್ರಮಾದವನ್ನು ಅದರೊಳಗೆ ಸೇರಿಸಿದರು. ಪ್ರಮಾದವೆಂದರೆ ಅಜಾಗರೂಕತೆ, ಉಪೇಕ್ಷೆ, ನೋಡಬೇಕಾದುದನ್ನು ನೋಡದೆ ಮುಂದೆ ಸಾಗುವುದು. ಗೃಹಸ್ಥನ ಬದುಕನ್ನು ಅರಿತಿದ್ದ ಜೈನ ಪರಂಪರೆ ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿತು. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪಿ ಹಿಂಸೆ. ಅಡುಗೆ, ಕಸಗುಡಿಸುವಿಕೆಗಳಲ್ಲಿ ಆಗುವುದು ಆರಂಭಿ. ಒಕ್ಕಲುತನ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗಿ. ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧಿ. ಮೊದಲನೆಯದನ್ನು ಗೃಹಸ್ಥ ಪೂರ್ತಿ ಬಿಡಬೇಕು. ಉಳಿದ ಮೂರನ್ನು ಪೂರ್ತಿ ಬಿಡಲು ಬಾರದು, ಎಚ್ಚರದಿಂದ ಕಡಿಮೆ ಮಾಡುತ್ತ ಬರಬೇಕು. ನೇಗಿಲು ಹೂಡುವ ರೈತನಿಗೆ ಎರೆಹುಳು ಸಾಯುತ್ತದೆಂದು ಪಾಪಭೀತಿಯನ್ನು ಹುಟ್ಟಿಸದೆ, ಸಾಯುವುದನ್ನು ನೀನು ಬಲ್ಲೆಯಾ ಎಂದಷ್ಟೇ ಕೇಳುವ ಈ ವಿಂಗಡಣೆ ನನಗೆ ಬಹಳ ಪ್ರಾಮಾಣಿಕವಾಗಿ ಕಾಣುತ್ತದೆ.

ಚರಕಾಚಾರ್ಯರು ಬಳಸಿದ ಶಬ್ದ ಪ್ರಜ್ಞಾಪರಾಧ. ಧೀ, ಧೃತಿ, ಸ್ಮೃತಿ ಈ ಮೂರೂ ತಪ್ಪಿದಾಗ ಮನುಷ್ಯ ಮಾಡುವ ಕರ್ಮ ಎಲ್ಲ ದೋಷಗಳನ್ನೂ ಕೆರಳಿಸುತ್ತದೆ ಎಂಬುದು ಅವರ ಸಿದ್ಧಾಂತ. ತಿಳಿದೂ ತಡೆದುಕೊಳ್ಳಲಾರದ್ದು, ತಿಳಿದದ್ದನ್ನು ಮರೆತದ್ದು, ತಿಳಿಯಬೇಕಾದ್ದನ್ನು ತಿಳಿಯದೆಹೋದದ್ದು ಇವೆಲ್ಲ ಅದರೊಳಗೆ ಬರುತ್ತವೆ. ಜೈನರ ಪ್ರಮಾದಕ್ಕೂ ಆಯುರ್ವೇದದ ಪ್ರಜ್ಞಾಪರಾಧಕ್ಕೂ ಇರುವ ನಂಟು ಗಮನಾರ್ಹ. ಯಶೋಧರ ಕೊಲ್ಲುವ ಸಂಕಲ್ಪ ಮಾಡಿದ, ಜೀವ ಸಾಯಲಿಲ್ಲ. ನಮ್ಮ ಕಾಲದ ಸ್ಥಿತಿ ಇದಕ್ಕೆ ವಿಪರೀತವಾದದ್ದು. ಸಂಕಲ್ಪ ಯಾರಲ್ಲೂ ಇರುವುದಿಲ್ಲ, ಜೀವಗಳು ಸಾಯುತ್ತವೆ.

ಒಂದು ಉದಾಹರಣೆಯನ್ನು ವಿಸ್ತಾರವಾಗಿ ಹೇಳುತ್ತೇನೆ. ಡೈಕ್ಲೊಫೆನಾಕ್ ಎಂಬ ನೋವುನಿವಾರಕ ಮಾತ್ರೆ ಎಲ್ಲರಿಗೂ ಪರಿಚಿತ. ಇದನ್ನು 1990ರ ದಶಕದಲ್ಲಿ ದನಕರುಗಳಿಗೂ ಕೊಡತೊಡಗಿದರು. ಕುಂಟುವ ಎತ್ತಿಗೆ, ಕೆಚ್ಚಲು ಬಾತ ಆಕಳಿಗೆ ಒಂದು ಚುಚ್ಚುಮದ್ದು ಹಾಕಿದರೆ ನೋವು ಇಳಿಯುತ್ತಿತ್ತು. ಕೊಟ್ಟವರ ಮನಸ್ಸಿನಲ್ಲಿದ್ದದ್ದು ದಯೆಯೇ. ಆ ಮದ್ದು ಮೈಯಲ್ಲಿರುವಾಗಲೇ ಸತ್ತ ದನದ ಮಾಂಸವನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳು ನಿಷ್ಕ್ರಿಯವಾದವು. ಮನುಷ್ಯರಲ್ಲಿ ವಾತರಕ್ತವನ್ನುಂಟುಮಾಡುವ ಯೂರಿಕ್ ಆಮ್ಲ ಅವುಗಳ ಯಕೃತ್ತು, ಹೃದಯಗಳ ಮೇಲೆ ಬಿಳಿಯ ಪುಡಿಯಂತೆ ಕಟ್ಟಿಕೊಂಡಿತು. ಭಾರತದಲ್ಲಿ ಕೋಟಿಗಳಲ್ಲಿದ್ದ ರಣಹದ್ದುಗಳ ಮೂರು ಜಾತಿಗಳು ಹತ್ತು-ಹದಿನೈದು ವರ್ಷಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಅಳಿದುಹೋದವು. ಕಾರಣ ಪತ್ತೆಯಾದದ್ದು 2004ರಲ್ಲಿ. ಪಶುಚಿಕಿತ್ಸೆಯಲ್ಲಿ ಇದರ ಬಳಕೆಯನ್ನು ಭಾರತ ನಿಷೇಧಿಸಿದ್ದು 2006ರಲ್ಲಿ. ಮನುಷ್ಯರ ಹೆಸರಿನಲ್ಲಿ ಬರುವ ದೊಡ್ಡ ಸೀಸೆಗಳನ್ನೇ ದನಗಳಿಗೆ ಬಳಸುವುದು ನಿಲ್ಲದಾದಾಗ 2015ರಲ್ಲಿ ಸೀಸೆಯ ಪ್ರಮಾಣವನ್ನು 3 ಮಿಲಿಲೀಟರಿಗೆ ಇಳಿಸಲಾಯಿತು. ನಮ್ಮ ರಾಜ್ಯದಲ್ಲಿ ಉಳಿದ ಕೆಲವೇ ರಣಹದ್ದುಗಳಿಗಾಗಿ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ಧಾಮವೆಂದು ಘೋಷಿಸಬೇಕಾಯಿತು. ಹದ್ದುಗಳಿಲ್ಲದೆ ಊರ ಹೊರಗೆ ಕೊಳೆತ ಹೆಣಗಳಿಗೆ ಮುತ್ತಿದ್ದು ನಾಯಿಗಳ ಹಿಂಡು. ಇದಿಷ್ಟರಲ್ಲಿ ಪಾಪಿಯನ್ನು ಹುಡುಕಿದರೆ ಒಬ್ಬನೂ ಸಿಗುವುದಿಲ್ಲ. ನೋವು ಕಳೆಯಬೇಕೆಂದ ರೈತ, ಮದ್ದು ಕೊಟ್ಟ ಪಶುವೈದ್ಯ, ಮಾರಿದ ಅಂಗಡಿಯವ ಎಲ್ಲರೂ ಸಜ್ಜನರೇ.

ಗಡಿನಾಡ ಕಾಸರಗೋಡಿನಲ್ಲಿ ನಡೆದದ್ದೂ ಇಂಥದೇ. ಅಲ್ಲಿಯ ಗೇರು ತೋಟಗಳಿಗೆ ಸುಮಾರು ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಉದ್ದೇಶ ಗೇರುಹೂವಿಗೆ ಬೀಳುವ ಕೀಟವನ್ನು ಕೊಲ್ಲುವುದಷ್ಟೇ. ಕನ್ನಡ, ತುಳು ಮಾತನಾಡುವ ಪಡ್ರೆ ಮೊದಲಾದ ಗ್ರಾಮಗಳಲ್ಲಿ ತೊರೆಯ ನೀರು ಕುಡಿದ ಮನೆಗಳ ಮಕ್ಕಳಲ್ಲಿ ಅಂಗವೈಕಲ್ಯವೂ ನರಸಂಬಂಧಿ ವ್ಯಾಧಿಗಳೂ ಹೆಚ್ಚಾಗಿ ಕಾಣುತ್ತಿವೆಯೆಂದು ಮೊದಲು ಗಮನಿಸಿದವರಲ್ಲಿ ಅಲ್ಲಿಯ ಹಳ್ಳಿಯ ವೈದ್ಯರೊಬ್ಬರಿದ್ದರು. ಸುಪ್ರೀಂ ಕೋರ್ಟು ಆ ವಿಷವನ್ನು 2011ರಲ್ಲಿ ತಡೆಯಿತು. ಹಳ್ಳಿಯ ವೈದ್ಯನಿಗೆ ದೊಡ್ಡ ಪ್ರಯೋಗಾಲಯ ಇರುವುದಿಲ್ಲ, ಆದರೆ ಒಂದೇ ಓಣಿಯ ನಾಲ್ಕು ಮನೆಗಳ ನೋವನ್ನು ಒಟ್ಟಿಗೆ ನೋಡುವ ಅವಕಾಶವಿರುತ್ತದೆ. ಪ್ರಮಾದಕ್ಕೆ ಮದ್ದು ಇಂಥ ನೋಟವೇ ಎಂದು ನಾನು ತಿಳಿದಿದ್ದೇನೆ.

ಬೇರೆಯವರ ಹಿಂಸೆಯನ್ನು ಎಣಿಸುವಾಗ ನಮ್ಮ ವೈದ್ಯವೃತ್ತಿಯದನ್ನು ಬಚ್ಚಿಡುವುದು ಸರಿಯಲ್ಲ. ಆಯುರ್ವೇದ ಔಷಧವೆಂದರೆ ಸಾತ್ತ್ವಿಕ, ನಿರಪಾಯಕಾರಿ ಎಂಬ ನಂಬಿಕೆ ಭಕ್ತರಲ್ಲಿದೆ. ದಶಮೂಲಾರಿಷ್ಟದ ಸೀಸೆಯನ್ನು ನೋಡಿರಿ. ಹೆಸರೇ ಹೇಳುವಂತೆ ಅದರೊಳಗಿರುವುದು ಹತ್ತು ಗಿಡಮರಗಳ ಬೇರು. ಬಿಲ್ವ, ಅಗ್ನಿಮಂಥ, ಶ್ಯೋನಾಕ, ಪಾಟಲಾ, ಗಂಭಾರಿ ಈ ಐದು ದೊಡ್ಡ ಮರಗಳು. ಬೇರು ಬೇಕೆಂದರೆ ಮರ ಉರುಳಬೇಕು. ಒಬ್ಬ ಪಂಡಿತ ತನ್ನ ಊರಿನ ರೋಗಿಗಳಿಗಾಗಿ ಗುಡ್ಡಕ್ಕೆ ಹೋಗಿ, ಮರಕ್ಕೆ ಕೈಮುಗಿದು, ಒಂದು ಬದಿಯ ಬೇರನ್ನಷ್ಟೇ ಕಿತ್ತು ತರುತ್ತಿದ್ದ ಕಾಲದ ಲೆಕ್ಕ ಬೇರೆ; ಲಾರಿಗಟ್ಟಲೆ ಬೇರು ಸಾಗುವ ಕಾಲದ ಲೆಕ್ಕ ಬೇರೆ. ಕಪ್ಪತಗುಡ್ಡ ನಮ್ಮ ಸೀಮೆಯ ಔಷಧಿಗಳ ಉಗ್ರಾಣ. ಅದರ ಮೇಲೆ ಗಣಿಯ ಕಣ್ಣು ಬಿದ್ದಾಗ ಗದಗಿನ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ಬೀದಿಗಿಳಿದು ರೈತರೊಡನೆ ನಿಂತದ್ದನ್ನು ಈ ಭಾಗದವರು ಮರೆಯಲಾರರು. ಅದರ 244 ಚದರ ಕಿಲೋಮೀಟರಿನಷ್ಟು ಪ್ರದೇಶ 2019ರಲ್ಲಿ ವನ್ಯಜೀವಿಧಾಮವಾಯಿತು. ಗಣಿಯನ್ನು ತಡೆದ ಮೇಲೆ, ಬೇರುಗಳ್ಳರನ್ನು ತಡೆಯುವ ಹೊಣೆ ಬೇರು ಕೊಳ್ಳುವ ನಮ್ಮದು. ಬಿಲ್ವ, ಗಂಭಾರಿಗಳನ್ನು ಹೊಲದ ಬದುವಿನಲ್ಲಿ ಬೆಳೆಸಬಹುದು. ಬೇರಿನ ಬದಲು ಎಳೆಯ ಕೊಂಬೆಗಳನ್ನು ಬಳಸಬಹುದೇ ಎಂಬ ಸಂಶೋಧನೆಯೂ ನಡೆದಿದೆ.

ಮಾಂಸದ ವಿಷಯದಲ್ಲಿಯೂ ಸತ್ಯವನ್ನೇ ಹೇಳಬೇಕು. ಚರಕ, ಸುಶ್ರುತರು ಕ್ಷಯರೋಗಿಗೆ, ಬಹಳ ಬಳಲಿದವನಿಗೆ ಮಾಂಸರಸವನ್ನು ಹೇಳಿದ್ದಾರೆ. ಅದನ್ನು ಮುಚ್ಚಿಟ್ಟು ಆಯುರ್ವೇದವನ್ನು ಹೊಗಳುವವರಿದ್ದಾರೆ. ಶಾಸ್ತ್ರಕ್ಕೆ ಆ ಮುಚ್ಚಾಟ ಬೇಕಿಲ್ಲ. ಇದಕ್ಕೆ ಉತ್ತರ ಹುಡುಕಿದವರು ಕನ್ನಡ ನಾಡಿನ ವೈದ್ಯರೇ ಎಂಬುದು ಅಭಿಮಾನದ ಸಂಗತಿ. ರಾಷ್ಟ್ರಕೂಟರ ಕಾಲದ ಜೈನಮುನಿ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥದಲ್ಲಿ ಮದ್ಯ, ಮಾಂಸ, ಜೇನು ಇವಿಲ್ಲದೆ ಚಿಕಿತ್ಸಾಕ್ರಮವನ್ನು ಕಟ್ಟಿದರು. ಗ್ರಂಥದ ಕೊನೆಯ ಹಿತಾಹಿತಾಧ್ಯಾಯ, ನೃಪತುಂಗನ ಸಭೆಯಲ್ಲಿ ವೈದ್ಯರೆದುರು ಮಾಂಸದ ನಿರುಪಯುಕ್ತತೆಯನ್ನು ಕುರಿತು ಮಾಡಿದ ವಾದ. ಮುಂದೆ 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಇದೇ ಮಾರ್ಗದಲ್ಲಿ ಕನ್ನಡದಲ್ಲಿಯೇ ಕರ್ಣಾಟಕ ಕಲ್ಯಾಣಕಾರಕವನ್ನು ಬರೆದ. ಅವರು ಮಾಂಸವನ್ನು ಬೈದು ಸುಮ್ಮನಾಗಲಿಲ್ಲ. ರೋಗಿಯ ಬಲಕ್ಕೆ ಅದರ ಬದಲು ಏನು ಕೊಡಬೇಕೆಂಬುದನ್ನು ಒಂದೊಂದು ವ್ಯಾಧಿಗೂ ಯೋಚಿಸಿದರು. ಬಿಡುವ ಮಾತಿಗಿಂತ ಬದಲಿ ಹುಡುಕುವ ಶ್ರಮ ದೊಡ್ಡದು.

ಆ ಶ್ರಮವನ್ನು ನಮ್ಮ ಮನೆಗಳು ಮಾಡುತ್ತಿವೆಯೇ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಆಯುರ್ವೇದದಲ್ಲಿ ಇದನ್ನು ಪಾಂಡು ಎನ್ನುತ್ತೇವೆ. ನನ್ನ ಬಳಿ ಬರುವ ಪಾಂಡುರೋಗದ ಹೆಣ್ಣುಮಕ್ಕಳಲ್ಲಿ ಹಲವರು ಇರುವೆಗೆ ಸಕ್ಕರೆ ಹಾಕುವ, ಜಂಗಮರಿಗೆ ಎಡೆ ಮಾಡಿ ಉಣ್ಣುವ ಮನೆಗಳವರೇ. ಗಂಡಸರು, ಮಕ್ಕಳು, ಅತ್ತೆ-ಮಾವ ಎಲ್ಲರೂ ಉಂಡ ಮೇಲೆ ಸೊಸೆ ತಳದಲ್ಲಿ ಉಳಿದ ಸಾರಿನೊಡನೆ ರೊಟ್ಟಿ ತಿನ್ನುತ್ತಾಳೆ. ಕಾಳುಪಲ್ಲೆ ಅವಳ ತಾಟಿಗೆ ಬರುವ ಹೊತ್ತಿಗೆ ಬೋಗುಣಿ ಬರಿದಾಗಿರುತ್ತದೆ. ಊಟವಾದೊಡನೆ ಎಲ್ಲರೊಡನೆ ಚಹಾ ಕುಡಿಯುವುದರಿಂದ ಇದ್ದಷ್ಟು ಕಬ್ಬಿಣಾಂಶವೂ ಮೈಗೆ ಹತ್ತುವುದಿಲ್ಲ. ಆಕೆಯನ್ನು ಯಾರೂ ಬೈದಿಲ್ಲ, ಹೊಡೆದಿಲ್ಲ. ವಾಗ್ಭಟಾಚಾರ್ಯರು ಇರುವೆ, ಹುಳುಗಳನ್ನೂ ತನ್ನಂತೆಯೇ ಕಾಣಬೇಕೆಂದು ದಿನಚರ್ಯೆಯಲ್ಲಿ ಹೇಳಿದ್ದಾರೆ. ಸೊಸೆಯನ್ನು ಬೇರೆಯಾಗಿ ಹೇಳಬೇಕಾದೀತೆಂದು ಅವರು ಊಹಿಸಿರಲಿಕ್ಕಿಲ್ಲ. ಎಲ್ಲರೂ ಒಟ್ಟಿಗೆ ಉಣ್ಣುವುದು, ಹೆಸರು-ಮಡಕಿ ಕಾಳನ್ನು ಮೊಳಕೆ ಕಟ್ಟಿ ಬಳಸುವುದು, ರಾಜಗಿರಿ, ನುಗ್ಗೆಸೊಪ್ಪುಗಳ ಮೇಲೆ ಲಿಂಬೆಹಣ್ಣು ಹಿಂಡಿಕೊಳ್ಳುವುದು, ಚಹವನ್ನು ಊಟದಿಂದ ಒಂದೆರಡು ತಾಸು ದೂರ ಇಡುವುದು ಇವಿಷ್ಟನ್ನು ಮೂರು ತಿಂಗಳು ಮಾಡಿ, ಜೊತೆಗೆ ಸರಕಾರಿ ಆಸ್ಪತ್ರೆಯ ಕಬ್ಬಿಣಾಂಶದ ಗುಳಿಗೆಗಳನ್ನು ತಪ್ಪದೆ ಸೇವಿಸಿ ರಕ್ತ ಪರೀಕ್ಷಿಸಿಕೊಳ್ಳಬೇಕು. ಮಂಡೂರ ಭಸ್ಮದಂಥ ಔಷಧವನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬಾರದು.

ಇನ್ನು ಮಾಗಡಿಯ ವಿಷಯ. ಶಿರಹಟ್ಟಿ ತಾಲ್ಲೂಕಿನ ಮಾಗಡಿಯ ಕೆರೆ ಮಳೆನೀರನ್ನು ಹಿಡಿದು ಹೊಲಗಳಿಗೆ ಉಣಿಸಲೆಂದು ಕಟ್ಟಿದ್ದು. ವಿಸ್ತಾರ ಸುಮಾರು 50 ಹೆಕ್ಟೇರ್. ಚಳಿಗಾಲದಲ್ಲಿ ಅಲ್ಲಿ ಸಾವಿರಾರು ಹಕ್ಕಿಗಳು ಇಳಿಯುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್, ಲಡಾಖಗಳಲ್ಲಿ ಮರಿ ಮಾಡುವ ಈ ಹಕ್ಕಿ ಹಿಮಾಲಯವನ್ನು ದಾಟಿ ಬರುತ್ತದೆ. 7,000 ಮೀಟರಿಗೂ ಮೀರಿದ ಎತ್ತರದಲ್ಲಿ ಹಾರಿದ ದಾಖಲೆಯಿದೆ. ಅಷ್ಟು ತೆಳುವಾದ ಗಾಳಿಯಲ್ಲಿ ಪ್ರಾಣವಾಯುವನ್ನು ಹೀರಿಕೊಳ್ಳಬಲ್ಲ ವಿಶೇಷ ಹಿಮೋಗ್ಲೋಬಿನ್ ಅದರ ರಕ್ತದಲ್ಲಿದೆ. (ಮೇಲಿನ ಪರಿಚ್ಛೇದವನ್ನು ಬರೆದ ಕೈಯಿಂದಲೇ ಇದನ್ನು ಬರೆಯುವಾಗ ಹೆಬ್ಬಾತಿನ ಮೇಲೆ ಕೊಂಚ ಹೊಟ್ಟೆಕಿಚ್ಚಾಗುತ್ತದೆ.) ದಕ್ಷಿಣ ಭಾರತದಲ್ಲಿ ಈ ಹಕ್ಕಿ ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲಿ ಇದು ಒಂದು. ಈ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಜಗತ್ತಿನ ಮಹತ್ವದ ಜೌಗುಭೂಮಿಗಳ ಸಾಲಿನಲ್ಲಿ ನಿಂತಿತು.

ದೂರದಿಂದ ಬಂದವರು ಫೋಟೋ ತೆಗೆದುಕೊಂಡು ಆನಂದದಿಂದ ಹಿಂದಿರುಗುತ್ತಾರೆ. ಮಾಗಡಿಯವರ ಆನಂದಕ್ಕೆ ಇನ್ನೊಂದು ಮಗ್ಗುಲಿದೆ. ಹೆಬ್ಬಾತು ಮೀನು ತಿನ್ನುವ ಹಕ್ಕಿಯಲ್ಲ, ಮೇಯುವ ಹಕ್ಕಿ. ಹಗಲು ಕೆರೆಯಲ್ಲಿ ತೇಲುವ ಹಿಂಡು ಕತ್ತಲಾಗುತ್ತಲೇ ಎದ್ದು ಸುತ್ತಲಿನ ಎರೆಹೊಲಗಳಿಗೆ ಇಳಿಯುತ್ತದೆ. ಕಡಲೆಯ ಕುಡಿ, ಶೇಂಗಾ, ಗೋದಿಯ ಎಳೆಸಸಿ ಎಲ್ಲವೂ ಅದಕ್ಕೆ ಮೇವೇ. ಎರಡು-ಮೂರು ಕಿಲೋ ತೂಗುವ ನೂರಾರು ಹಕ್ಕಿಗಳು ಒಂದೇ ಹೊಲಕ್ಕೆ ಇಳಿದರೆ ಏನಾಗುವುದೆಂದು ಒಕ್ಕಲಿಗರಿಗೆ ವಿವರಿಸಬೇಕಾಗಿಲ್ಲ. ಹಾಗಿದ್ದೂ ಅಲ್ಲಿಯ ಜನ ಬಲೆ ಒಡ್ಡುವುದಿಲ್ಲ, ಕಾಳಿಗೆ ವಿಷ ಬೆರೆಸುವುದಿಲ್ಲ. ಬೇಟೆಗೆ ಬಂದವರನ್ನು ಊರೊಳಗೆ ಬಿಟ್ಟುಕೊಳ್ಳುವುದಿಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನವರು ಹುಣಿಸೆಮರದ ಫಲವನ್ನು ಬಿಟ್ಟುಕೊಟ್ಟು ಹೆಜ್ಜಾರ್ಲೆಗಳಿಗೆ ಗೂಡು ಕಟ್ಟಲು ಜಾಗ ಕೊಟ್ಟದ್ದೂ ಇಂಥದೇ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲುವ ನಮ್ಮ ರೂಢಿಯ ಒಳಗೂ ಈ ಬುದ್ಧಿಯಿದೆ. ಭೂಮಿತಾಯಿಗೆ, ಹಕ್ಕಿಪಕ್ಷಿಗೆ, ಹುಳುಹುಪ್ಪಡಿಗೆ ಒಂದು ತುತ್ತು ಎತ್ತಿಟ್ಟ ಮೇಲೆಯೇ ಮನೆಯವರ ಊಟ. ಚರಗಕ್ಕೆ ಬಂದ ಹಕ್ಕಿ ಕಡಲೆಯ ಕೀಡೆಯನ್ನೂ ಹೆಕ್ಕುತ್ತದೆಂಬುದು ಹಿರಿಯರಿಗೆ ತಿಳಿದಿತ್ತು.

ಮಾಗಡಿಯ ರೈತ ತೆರುವ ಬೆಲೆಯನ್ನು ನೋಡಿದಾಗ ಪೇಟೆಯಲ್ಲಿ ಕುಳಿತ ನಮ್ಮ ಅಹಿಂಸೆ ತೀರ ಅಗ್ಗದ್ದಾಗಿ ಕಾಣುತ್ತದೆ. ಅವನ ಬೆಳೆನಷ್ಟಕ್ಕೆ ಸರಿಯಾದ ಪರಿಹಾರ ಹೊತ್ತಿಗೆ ಸರಿಯಾಗಿ ಸಲ್ಲಬೇಕೆಂದು ಕೇಳುವುದು ಹಕ್ಕಿ ನೋಡಲು ಹೋಗುವ ನಮ್ಮೆಲ್ಲರ ಕರ್ತವ್ಯ. ಒಬ್ಬರ ಹೊಲದ ಮೇಲೆ ಇನ್ನೊಬ್ಬರು ಪುಣ್ಯ ಕಟ್ಟಿಕೊಳ್ಳುವುದು ನ್ಯಾಯವೆನಿಸದು.

ಅದೇ ಹೊಲಗಳಿಗೆ ಈಗ ವಿಷದ ಸಿಂಪರಣೆ ಬಂದಿದೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ, ಕಡಲೆ ಯಾವುದಕ್ಕೂ ಅದಿಲ್ಲದೆ ನಡೆಯುವುದಿಲ್ಲವೆಂಬ ಸ್ಥಿತಿ. ನಮ್ಮ ಕಡೆ ಇದನ್ನು "ಎಣ್ಣಿ ಹೊಡೆಯೂದು" ಎನ್ನುತ್ತಾರೆ. ಕೆಲವರು "ಔಷಧ" ಎಂದೇ ಕರೆಯುತ್ತಾರೆ. ವೈದ್ಯನಾದ ನನಗೆ ಈ ಎರಡನೆಯ ಹೆಸರು ಕಿವಿಗೆ ಚುಚ್ಚುತ್ತದೆ. ಹೆಸರು ಮೃದುವಾದಂತೆ ಎಚ್ಚರವೂ ಮೃದುವಾಗುತ್ತದೆ. ಕೈಗವಸಿಲ್ಲದೆ ಬರಿಗೈಯಿಂದ ಕಲಸುವುದು, ಗಾಳಿಗೆ ಎದುರಾಗಿ ಹೊಡೆಯುವುದು, ಖಾಲಿ ಡಬ್ಬಿಯನ್ನು ತೊಳೆದು ನೀರಿಗೆ ಬಳಸುವುದು ಇವನ್ನೆಲ್ಲ ಕಂಡಿದ್ದೇನೆ. ಉದ್ಯೋಗಿ ಹಿಂಸೆಯನ್ನು ಕಡಿಮೆ ಮಾಡುವ ಉಪಾಯಗಳು ಕೃಷಿ ವಿಶ್ವವಿದ್ಯಾಲಯಗಳ ಬಳಿ ಇವೆ. ಕಡಲೆಯ ಹೊಲದಲ್ಲಿ ಹಕ್ಕಿ ಕೂರಲು ಕೋಲು ನೆಡುವುದು, ಮೋಹಕ ಬಲೆಯಲ್ಲಿ ಪತಂಗಗಳನ್ನು ಎಣಿಸಿ ಅಗತ್ಯವಿದ್ದರೆ ಮಾತ್ರ ಸಿಂಪಡಿಸುವುದು, ಬೇವಿನ ಬೀಜದ ಕಷಾಯ, ಬದುವಿಗೆ ಚೆಂಡುಹೂವು ಇವು ಖರ್ಚನ್ನೂ ಉಳಿಸುತ್ತವೆ.

ಆದರೆ ಈ ಲೇಖನವನ್ನು ಬರೆಯಲು ನನ್ನನ್ನು ಒತ್ತಾಯಿಸಿದ್ದು ಹೊಲದಲ್ಲಿರುವ ವಿಷಕ್ಕಿಂತ ಮನೆಯೊಳಗಿರುವ ವಿಷ. ಸಿಂಪಡಿಸಿ ಉಳಿದ ಬಾಟಲಿಯನ್ನು ರೈತ ಪಡಸಾಲೆಯ ಮಾಡಿನಲ್ಲಿ, ದನದ ಕೊಟ್ಟಿಗೆಯ ಜಂತಿಯಲ್ಲಿ, ಕೆಲವೊಮ್ಮೆ ದೇವರ ಜಗುಲಿಯ ಕೆಳಗಿನ ಗೂಡಿನಲ್ಲಿ ಇಟ್ಟಿರುತ್ತಾನೆ. ಮಳೆ ಕೈಕೊಟ್ಟ ವರ್ಷ, ಸಾಲದವನು ಬಾಗಿಲಿಗೆ ಬಂದ ದಿನ, ಗಂಡ-ಹೆಂಡಿರ ಜಗಳವಾದ ಸಂಜೆ, ಪರೀಕ್ಷೆಯಲ್ಲಿ ಮಗ ನಪಾಸಾದ ಮಧ್ಯಾಹ್ನ ಕೈಗೆ ಮೊದಲು ಸಿಗುವುದು ಅದೇ. ತನ್ನ ಜೀವವನ್ನು ತಾನೇ ತೆಗೆದುಕೊಳ್ಳುವುದನ್ನು ಎಲ್ಲ ಧರ್ಮಗಳೂ ಹಿಂಸೆಯೆಂದಿವೆ. ಅಂಥ ಸ್ಥಿತಿಗೆ ಹೋದವರನ್ನು ಪಾಪಿಗಳೆಂದು ನಿಂದಿಸುವುದರಿಂದ ಒಂದು ಜೀವವೂ ಉಳಿಯುವುದಿಲ್ಲ. ಅನುಭವ ಹೇಳುವುದೇನೆಂದರೆ, ಆ ಆವೇಗ ಹೆಚ್ಚಿನವರಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಆ ಸ್ವಲ್ಪ ಹೊತ್ತು ಕೈಗೆ ವಿಷ ಸಿಗದಿದ್ದರೆ ಮನುಷ್ಯ ಉಳಿಯುತ್ತಾನೆ. ಉಳಿದವರಲ್ಲಿ ಬಹುಮಂದಿ ಮತ್ತೆ ಆ ದಾರಿ ಹಿಡಿಯುವುದಿಲ್ಲ. ನಮ್ಮ ನೆರೆಯ ಶ್ರೀಲಂಕಾ ಅತಿ ಘೋರವಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂದಿತು. ಅಲ್ಲಿ 1995ರಿಂದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ನೂರಕ್ಕೆ ಸುಮಾರು 70ರಷ್ಟು ಇಳಿಯಿತು. ಬೆಳೆಯ ಇಳುವರಿ ಅದರಿಂದ ಕುಸಿಯಲಿಲ್ಲ. ಜನರ ಬಡತನವಾಗಲಿ ಮನೆಯ ಜಗಳವಾಗಲಿ ನಿಂತುಹೋಗಿರಲಿಲ್ಲ, ವಿಷ ಮಾತ್ರ ಕೈಯಿಂದ ದೂರವಾಗಿತ್ತು.

ಆದಕಾರಣ ಪ್ರತಿ ಒಕ್ಕಲುಮನೆಯವರೂ ಕೀಟನಾಶಕವನ್ನು ವಾಸದ ಮನೆಯಲ್ಲಿ ಇಡಬಾರದೆಂದು ವೈದ್ಯನಾಗಿ ವಿನಂತಿಸುತ್ತೇನೆ. ಆಯಾ ಸಿಂಪರಣೆಗೆ ಬೇಕಾದಷ್ಟನ್ನೇ ತರಬೇಕು. ಉಳಿದರೆ ಹೊಲದ ಗುಡಿಸಲಿನಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು ಕೀಲಿ ಹಾಕಬೇಕು. ನೀರಿನ ಅಥವಾ ಶರಬತ್ತಿನ ಬಾಟಲಿಗೆ ಎಂದೂ ಸುರಿಯಬಾರದು. ಮಕ್ಕಳು ತಿಳಿಯದೆ ಕುಡಿದುಬಿಡುತ್ತಾರೆ. ಯಾರಾದರೂ ಊಟ ಬಿಟ್ಟು ಮೌನವಾದರೆ, ನಿದ್ದೆಗೆಟ್ಟರೆ, ಇದ್ದಕ್ಕಿದ್ದಂತೆ ತಮ್ಮ ವಸ್ತುಗಳನ್ನು ಹಂಚತೊಡಗಿದರೆ, ಸಾಯುವ ವಿಚಾರ ಮನಸ್ಸಿಗೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಬೇಕು. ಕೇಳುವುದರಿಂದ ಆ ವಿಚಾರ ಹೊಸದಾಗಿ ಹುಟ್ಟುವುದಿಲ್ಲ, ಹೊರೆ ಇಳಿಯುತ್ತದೆ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಅವಘಡ ನಡೆದೇ ಹೋದರೆ ಉಪ್ಪುನೀರು, ಸಗಣಿನೀರು ಕುಡಿಸಿ ವಾಂತಿ ಮಾಡಿಸಬೇಡಿರಿ. ವಿಷ ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಎರವಾಗುತ್ತದೆ. ಕಷಾಯ, ಗಿಡಮೂಲಿಕೆಗಳಿಗಾಗಿ ನಮ್ಮಂಥವರ ಬಳಿಗೂ ಬರಬೇಡಿರಿ. ಬಟ್ಟೆ ಬದಲಿಸಿ, ಮೈಗೆ ತಾಗಿದ್ದನ್ನು ಸಾಬೂನಿನಿಂದ ತೊಳೆದು, ಎಡಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಿ ಕೂಡಲೇ ಹತ್ತಿರದ ಸರಕಾರಿ ಆಸ್ಪತ್ರೆಗೆ ಒಯ್ಯಬೇಕು. ಬಾಟಲಿಯನ್ನೂ ಜೊತೆಗೆ ಕೊಂಡೊಯ್ಯಬೇಕು. ಅನೇಕ ಕೀಟನಾಶಕಗಳಿಗೆ ಅಟ್ರೋಪಿನ್ ಎಂಬ ಪ್ರತಿವಿಷವಿದೆ, ಮೊದಲ ಗಂಟೆಗಳಲ್ಲಿ ಅದು ಬಹಳ ಕೆಲಸ ಮಾಡುತ್ತದೆ.

ಪೆಟ್ಟಿಗೆಯ ಕೀಲಿಕೈ ಯಾರ ಬಳಿ ಇರಬೇಕೆಂಬುದನ್ನು ಮನೆಯ ಹಿರಿಯ ಹೆಣ್ಣುಮಗಳನ್ನು ಕೇಳಿ ನಿರ್ಧರಿಸುವುದು ಒಳ್ಳೆಯದು. ಮನೆಯಲ್ಲಿ ಯಾರ ಮನಸ್ಸು ಹೇಗಿದೆಯೆಂಬುದು ಸಾಮಾನ್ಯವಾಗಿ ಅವರಿಗೇ ಮೊದಲು ತಿಳಿದಿರುತ್ತದೆ.